ಕೆಳದಿಯ ಚೆನ್ನಮ್ಮಾಜಿ

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಸ್ತ್ರೀಯೊಬ್ಬಳು ಚುನಾವಣೆಗೆ ನಿಂತೊಡನೆ ಆಕೆಯ ಯೋಗ್ಯತೆಯನ್ನು ಬಿಟ್ಟು, ಯಾರ ಮಗಳು, ಯಾರ ಪತ್ನಿ ಎಂದು ವಿಚಾರಿಸುವ ಮಹನೀಯರು ನೆರೆಯ ಮಲೆನಾಡನ್ನಾಳಿದ ಈ ಅರಸಿಯನ್ನು ಸ್ಮರಿಸಬೇಕು. ಆಕೆ ರಾಜಕುಲದವಳಲ್ಲ, ಕೋಟೆಪುರದ ಸಿದ್ಧಪ್ಪಶೆಟ್ಟರೆಂಬ ವರ್ತಕರ ಮಗಳು. ಸೋಮಶೇಖರನಾಯಕನು ವರಿಸಿದಾಗ ಆಪ್ತರೇ ಕುಲವನ್ನೆಣಿಸಿ ಮೂಗು ಮುರಿದರೆಂದು ಪ್ರತೀತಿ. ಮುಂದೆ ಪತಿಯು ಕೊಲೆಗೀಡಾಗಲು, ಮಕ್ಕಳಿಲ್ಲದ ಆ ವಿಧವೆಯೇ 1672ರಲ್ಲಿ ಪಟ್ಟವೇರಿದಳು. ಬಿಜಾಪುರದ ಸೇನೆ ಬಿದನೂರಿಗೆ ನುಗ್ಗಿದಾಗ ಭುವನಗಿರಿದುರ್ಗಕ್ಕೆ ಸರಿದು, ಬಲ ಕೂಡಿಸಿ, ರಾಜಧಾನಿಯನ್ನು ಮರಳಿ ಪಡೆದಳು. ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು 1689ರಲ್ಲಿ ಮರೆಹೊಕ್ಕ ಶಿವಾಜಿಯ ಪುತ್ರ ರಾಜಾರಾಮನಿಗೆ ಆಶ್ರಯವಿತ್ತು, ಆತನು ಜಿಂಜಿಯತ್ತ ಸಾಗಲು ದಾರಿಮಾಡಿಕೊಟ್ಟಳು. ಬೆನ್ನಟ್ಟಿ ಬಂದ ಮೊಗಲರನ್ನು ಎದುರಿಸಿದಳು. ಆಗ ಆಕೆಯ ತೌರಿನ ಅಂತಸ್ತನ್ನು ಯಾರಾದರೂ ಕೇಳಿದರೋ ಏನೋ! ಸುಮಾರು 25 ವರ್ಷ ಆಳಿ, ದತ್ತುಪುತ್ರ ಬಸಪ್ಪನಾಯಕನಿಗೆ ರಾಜ್ಯವನ್ನು ಬಿಟ್ಟುಹೋದಳು.