ಮನದಾಳದಲ್ಲಿ ದೇವರ ಸುಳಿವು: ಸಂತ ಇಗ್ನೇಷಿಯಸ್ ಲೊಯೋಲಾ

ದೇವರು ನಮ್ಮೊಡನಿದ್ದಾರೆಂದು ನಾವೆಲ್ಲರೂ ವಿಶ್ವಾಸಿಸುತ್ತೇವೆ. ಆದರೆ ಮಗಳ ಮದುವೆ, ಮಗನ ಉದ್ಯೋಗ, ಅಣ್ಣತಮ್ಮಂದಿರ ನಡುವಣ ವ್ಯಾಜ್ಯ ಎದುರಾದಾಗ ದೇವರ ಚಿತ್ತ ಯಾವುದು, ನಮ್ಮ ಆಸೆ ಯಾವುದು ಎಂದು ತಿಳಿಯದೆ ತಡವರಿಸುತ್ತೇವೆ. ಕೆಲವರು ಚೀಟಿ ಎತ್ತುತ್ತಾರೆ, ಕೆಲವರು ಶಕುನ ನೋಡುತ್ತಾರೆ. ಇಂಥ ಗೊಂದಲವನ್ನು ತಾವೇ ಅನುಭವಿಸಿ ದಾರಿ ಕಂಡುಕೊಂಡವರು ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾ.

1491ರಲ್ಲಿ ಸ್ಪೇನಿನ ಬಾಸ್ಕ್ ನಾಡಿನ ಕುಲೀನ ಮನೆತನದಲ್ಲಿ ಹುಟ್ಟಿದ ಅವರಿಗೆ ಕೀರ್ತಿಯ ಹಂಬಲ ವಿಪರೀತವಾಗಿತ್ತು. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಬಲಗಾಲು ಮುರಿಯಿತು. ಕೂಡಿದ ಎಲುಬು ಹೊರಕ್ಕೆ ಉಬ್ಬಿ ಅಂದಗೆಟ್ಟಿತೆಂದು ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಅಷ್ಟು ದೊಡ್ಡದು ಅವರ ಡೌಲು!

ಹಾಸಿಗೆ ಹಿಡಿದಿದ್ದಾಗ ಓದಲು ಸಾಹಸದ ಕಥೆಗಳನ್ನು ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಜೀವನ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಒಮ್ಮೆ ರಾಜವಂಶದ ಮಹಿಳೆಯ ಸೇವೆಯ ಕನಸು, ಮತ್ತೊಮ್ಮೆ ಸಂತರಂತೆ ಬಾಳುವ ಕನಸು. ಎರಡೂ ಸಿಹಿಯಾಗಿದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬರಿದಾಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ ದಿನವೇ ಅವರ ಹೊಸ ಬದುಕಿನ ಆರಂಭ.

ಹಾಗೆಂದು ವಿವೇಕ ಒಂದೇ ದಿನದಲ್ಲಿ ಬರಲಿಲ್ಲ. ಮೊಂಟ್ಸೆರಾತ್ ಪುಣ್ಯಕ್ಷೇತ್ರಕ್ಕೆ ಹೋಗುವಾಗ ದಾರಿಯಲ್ಲಿ ಜೊತೆಯಾದ ಮುಸ್ಲಿಮ್ ಪ್ರಯಾಣಿಕನೊಬ್ಬ ಮಾತೆ ಮರಿಯಮ್ಮನವರ ಕನ್ಯತ್ವದ ಬಗ್ಗೆ ವಾದ ಮಾಡಿ ಮುಂದೆ ಸಾಗಿದ. ಅವನನ್ನು ಹಿಂಬಾಲಿಸಿ ಇರಿಯಬೇಕೋ, ಬಿಡಬೇಕೋ? ನಿರ್ಧರಿಸಲಾಗದೆ ಕವಲು ದಾರಿಯಲ್ಲಿ ಹೇಸರಗತ್ತೆಯ ಲಗಾಮನ್ನು ಸಡಿಲಬಿಟ್ಟರು. ಅದು ಬೇರೆ ದಾರಿ ಹಿಡಿದದ್ದರಿಂದ ಒಂದು ಜೀವ ಉಳಿಯಿತು. ಭಕ್ತಿ ಬಂದಿತ್ತು, ವಿವೇಚನೆ ಇನ್ನೂ ಬಂದಿರಲಿಲ್ಲ.

ಮೊಂಟ್ಸೆರಾತ್‌ನಲ್ಲಿ ಖಡ್ಗವನ್ನು ಮಾತೆಯ ಪೀಠಕ್ಕೆ ಒಪ್ಪಿಸಿ ಮನ್ರೇಸಾ ಪಟ್ಟಣದಲ್ಲಿ ತಂಗಿದರು. ಅಲ್ಲಿ ಹಳೆಯ ಪಾಪಗಳ ಚಿಂತೆ ಅವರನ್ನು ಕಿತ್ತು ತಿಂದಿತು. ಎಷ್ಟು ಸಲ ಪಾಪನಿವೇದನೆ ಮಾಡಿದರೂ ಸಮಾಧಾನವಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ಒಂದು ವಾರ ಅನ್ನನೀರು ಬಿಟ್ಟರು. ಗುರುಗಳ ಅಪ್ಪಣೆಯಂತೆ ಉಪವಾಸ ಮುರಿದರು. ಕ್ರಮೇಣ, ಹತಾಶೆಗೆ ತಳ್ಳುವ ಧ್ವನಿ ಎಷ್ಟೇ ಧಾರ್ಮಿಕವಾಗಿ ಕಂಡರೂ ಕರುಣಾಮಯ ತಂದೆಯದಲ್ಲವೆಂದು ಅವರಿಗೆ ಮನವರಿಕೆಯಾಯಿತು.

1523ರಲ್ಲಿ ಜೆರುಸಲೇಮಿಗೆ ಹೋದರು. ಅಲ್ಲೇ ನೆಲೆಸುವುದು ದೇವರ ಚಿತ್ತವೆಂದು ನಂಬಿದ್ದರು. ಅಲ್ಲಿನ ಫ್ರಾನ್ಸಿಸ್ಕನ್ ಅಧಿಕಾರಿಗಳು ಹಿಂದಿರುಗಲು ಆಜ್ಞಾಪಿಸಿದಾಗ ತಲೆಬಾಗಿದರು. ಧರ್ಮಸಭೆಯ ಮಾತಿನಲ್ಲೂ ದೇವರ ದನಿಯನ್ನು ಗುರುತಿಸಿದರು.

ಬಾರ್ಸಿಲೋನಾದಲ್ಲಿ ಮೂವತ್ತು ದಾಟಿದ ವಯಸ್ಸಿನಲ್ಲಿ ಲ್ಯಾಟಿನ್ ಕಲಿಯತೊಡಗಿದರು. ವ್ಯಾಕರಣ ಬಾಯಿಪಾಠ ಮಾಡಲು ಕುಳಿತಾಗಲೇ ದಿವ್ಯ ಚಿಂತನೆಗಳು ಉಕ್ಕಿ ಬರುತ್ತಿದ್ದವು. ಪ್ರಾರ್ಥನೆಯ ಹೊತ್ತಿನಲ್ಲೂ, ಬಲಿಪೂಜೆಯಲ್ಲೂ ಬಾರದ ಆನಂದ ಪಾಠದ ಹೊತ್ತಿಗೇ ಬರುವುದೇಕೆ? ಇದು ಕರ್ತವ್ಯದಿಂದ ದಾರಿ ತಪ್ಪಿಸುವ ಶೋಧನೆ ಎಂದು ಅರಿತರು. ತಮ್ಮ ಶಿಕ್ಷಕರನ್ನು ಚರ್ಚಿಗೆ ಕರೆದೊಯ್ದು, ಪಾಠ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು.

1534ರಲ್ಲಿ ಪ್ಯಾರಿಸ್ಸಿನಲ್ಲಿ ಆರು ಸಂಗಾತಿಗಳೊಡನೆ ವ್ರತ ಸ್ವೀಕರಿಸಿದರು. ಅವರಲ್ಲೊಬ್ಬರು 1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಝೇವಿಯರ್. 1540ರಲ್ಲಿ ಪೋಪ್ ಮೂರನೆಯ ಪೌಲರು ಯೇಸುಸಭೆಗೆ ಮನ್ನಣೆ ನೀಡಿದರು. 1556ರ ಜುಲೈ 31ರಂದು ರೋಮಿನಲ್ಲಿ ನಿಧನರಾದ ಇಗ್ನೇಷಿಯಸರನ್ನು 1622ರಲ್ಲಿ ಸಂತರೆಂದು ಘೋಷಿಸಲಾಯಿತು.

ಪ್ರಿಯ ವಾಚಕರೇ, ಹಗಲಿನ ಘಟನೆಗಳನ್ನು ದೇವರ ಸನ್ನಿಧಿಯಲ್ಲಿ ಪರಿಶೀಲಿಸುವ ಅಭ್ಯಾಸವನ್ನು ಈ ಸಂತರು ನಮಗೆ ಬಿಟ್ಟುಹೋಗಿದ್ದಾರೆ. ಅದಕ್ಕೆ ಮಠವೂ ಬೇಡ, ಪಾಂಡಿತ್ಯವೂ ಬೇಡ. ಜಪಮಾಲೆ ಮುಗಿದ ಮೇಲೆ ಹತ್ತು ನಿಮಿಷ ಸಾಕು. ಇಂದು ಯಾವುದಕ್ಕಾಗಿ ಕೃತಜ್ಞತೆ ಸಲ್ಲಿಸಬೇಕು? ಯಾವ ಮಾತು, ಯಾವ ಕೆಲಸ ಮನಸ್ಸಿಗೆ ಉಳಿಯುವ ಶಾಂತಿ ತಂದಿತು? ಯಾವುದು ಸವಿಯಾಗಿ ಬಂದು ಕಹಿಯಾಗಿ ಹೋಯಿತು? ನಾಳೆ ಏನನ್ನು ತಿದ್ದಿಕೊಳ್ಳಬೇಕು? ಗಂಡಹೆಂಡಿರು ಕೂಡಿ ಹೀಗೆ ಕೇಳಿಕೊಂಡರೆ, ಅಡಿಗೆಮನೆಯಲ್ಲೂ ಹೊಲದಲ್ಲೂ ಕಚೇರಿಯಲ್ಲೂ ನಮ್ಮ ಪಕ್ಕದಲ್ಲೇ ನಡೆಯುತ್ತಿರುವ ದೇವರನ್ನು ಗುರುತಿಸಲು ಕಣ್ಣು ಪಳಗುತ್ತದೆ.