ಕಮಲಾ ಸೊಹೊನಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಲು 1933ರಲ್ಲಿ ಅರ್ಜಿ ಸಲ್ಲಿಸಿದ ಕಮಲಾ ಭಾಗವತರಿಗೆ, ಹೆಣ್ಣೆಂಬ ಕಾರಣದಿಂದ, ಪ್ರವೇಶ ದೊರೆಯಲಿಲ್ಲ. ಮುಂಬಯಿ ವಿಶ್ವವಿದ್ಯಾನಿಲಯದ ಪದವಿ ಪರೀಕ್ಷೆಯಲ್ಲಿ ಅಗ್ರಸ್ಥಾನ ಗಳಿಸಿದ್ದ ಆಕೆ ಎದೆಗುಂದಲಿಲ್ಲ. ಪಟ್ಟುಬಿಡದ ಆಕೆಯನ್ನು ನಿರ್ದೇಶಕರಾದ ಸರ್ ಸಿ. ವಿ. ರಾಮನ್ನರು ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆಯ ಶ್ರದ್ಧೆ ರಾಮನ್ನರ ಅಭಿಪ್ರಾಯವನ್ನೇ ಬದಲಿಸಿ, ಇತರ ವಿದ್ಯಾರ್ಥಿನಿಯರಿಗೂ ದಾರಿ ಮಾಡಿತು. ಮುಂದೆ ಕೇಂಬ್ರಿಜ್‌ನಲ್ಲಿ ಸಸ್ಯಕೋಶಗಳ ಉಸಿರಾಟವನ್ನು ಕುರಿತು ಸಂಶೋಧಿಸಿ 1939ರಲ್ಲಿ ಡಾಕ್ಟರೇಟ್ ಪಡೆದರು. ವಿವಾಹಾನಂತರ ಕಮಲಾ ಸೊಹೊನಿ ಎನಿಸಿದ ಅವರು, ತಾಳೆಯ ಸಿಹಿರಸವಾದ ನೀರಾದ ಪೋಷಕಾಂಶಗಳನ್ನು ಪರೀಕ್ಷಿಸಿ, ಅದು ಬಡಮಕ್ಕಳಿಗೆ ಹಿತವೆಂದು ತೋರಿಸಿದರು, 1998ರಲ್ಲಿ ನಿಧನರಾದರು. ಪಾನೀಯಕ್ಕೆ ಕಿಣ್ವ ಬೆರೆಸಿ, ಮೂಡಿದ ಬಣ್ಣವು ಹೀರುವ ಬೆಳಕಿನಿಂದ ಗ್ಲೂಕೋಸಿನ ಪ್ರಮಾಣವನ್ನು ಅಳೆಯುವ ಇಂದಿನ ವಿದ್ಯಾರ್ಥಿನಿಯರು ಅವರು ತೆರೆಯಿಸಿದ ಬಾಗಿಲಿನಿಂದಲೇ ಪ್ರಯೋಗಶಾಲೆಯನ್ನು ಹೊಕ್ಕವರು.