ಲಂಡನ್‌ನಲ್ಲಿ ಹೋಟೆಲ್ ಇಟ್ಟ ಪಾಟ್ನಾದ ದೀನ್ ಮುಹಮ್ಮದ್

ನಮ್ಮವರ ಮನೆಗಳಲ್ಲಿ ಹೋಟೆಲ್ ಕೆಲಸ ಗೊತ್ತಿಲ್ಲದ ಮನೆ ಕಡಿಮೆ. ಬೆಂಗಳೂರು, ಮುಂಬೈ, ದುಬೈ, ದಮ್ಮಾಮ್, ಎಲ್ಲಿಗೆ ಹೋದರೂ ಊರಿನವರ ಒಂದು ಹೋಟೆಲೋ ಜ್ಯೂಸ್ ಅಂಗಡಿಯೋ ಕಣ್ಣಿಗೆ ಬೀಳುತ್ತದೆ. ಅದನ್ನು ಇಟ್ಟವರ ಸುಖ ಎಲ್ಲರಿಗೂ ಕಾಣುತ್ತದೆ. ನಷ್ಟವಾಗಿ ಶಟರ್ ಎಳೆದವರ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಾಗೆ ಶಟರ್ ಎಳೆದ ಒಬ್ಬರ ಕಥೆಯನ್ನು ಈ ವಾರ ಹೇಳೋಣ ಅಂತ ನಾವು ಅಂದುಕೊಂಡಿದ್ದೇವೆ. ಇಂಗ್ಲೆಂಡಿನಲ್ಲಿ ಮೊಟ್ಟಮೊದಲು ಭಾರತದ ಅಡುಗೆಯ ಹೋಟೆಲ್ ತೆರೆದ ಭಾರತೀಯ ಅವರೇ. ಹೆಸರು ಶೇಖ್ ದೀನ್ ಮುಹಮ್ಮದ್.

ಅವರು ಹುಟ್ಟಿದ್ದು 1759ರಲ್ಲಿ, ಬಿಹಾರದ ಪಾಟ್ನಾದಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳ ಸೈನ್ಯದಲ್ಲಿದ್ದರು. ಮಗನಿಗೆ ಹತ್ತು ವರ್ಷ ಆಗುವ ಹೊತ್ತಿಗೆ ತಂದೆ ತೀರಿಹೋದರು. ಯತೀಮನಾದ ಹುಡುಗನಿಗೆ ಪಟಾಲಮ್ಮಿನ ಮೇಲೆ ಆಸೆ. ಗಾಡ್‌ಫ್ರೆ ಬೇಕರ್ ಎಂಬ ಐರ್ಲೆಂಡಿನ ಒಬ್ಬ ಯುವ ಅಧಿಕಾರಿಯ ಕಣ್ಣಿಗೆ ಬಿದ್ದು, ತಾಯಿಗೆ ಮನಸ್ಸಿಲ್ಲದಿದ್ದರೂ ಅವರ ಹಿಂದೆ ಹೊರಟೇಬಿಟ್ಟ. ಅಲ್ಲಿಂದ ಸುಮಾರು 15 ವರ್ಷ ಸೈನ್ಯದ ಜೊತೆ ಊರೂರು ತಿರುಗಿ, ಜಮಾದಾರ್ ಆಗಿ, ಕೊನೆಗೆ ಸುಬೇದಾರ್ ಆದರು. ಬೇಕರ್ ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೊರಟಾಗ ದೀನ್ ಮುಹಮ್ಮದರೂ ಜೊತೆಗೆ ಹಡಗು ಹತ್ತಿದರು. 1784ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣ ಸೇರಿದಾಗ ಪ್ರಾಯ 25.

ಅಲ್ಲಿ ಶಾಲೆಗೆ ಹೋಗಿ ಇಂಗ್ಲಿಷ್ ಕಲಿತರು. ಜೇನ್ ಡಾಲಿ ಎಂಬ ಹುಡುಗಿಯ ಪರಿಚಯವಾಯಿತು. ಮನೆಯವರು ಒಪ್ಪಲಿಲ್ಲ. 1786ರಲ್ಲಿ ಇಬ್ಬರೂ ಓಡಿಹೋಗಿ ಮದುವೆಯಾದರು. ಆ ಮದುವೆಗಾಗಿ ಅವರು ಪ್ರೊಟೆಸ್ಟಂಟ್ ಕ್ರೈಸ್ತ ಮತಕ್ಕೆ ಸೇರಿದರು. ಮದ್ರಸದಲ್ಲಿ ಕಲಿಸುವ ನಮಗೆ ಇದನ್ನು ಬರೆಯುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಆದರೆ ಇದ್ದದ್ದನ್ನು ಮುಚ್ಚಿಟ್ಟು ಕಥೆ ಹೇಳುವುದು ಸರಿಯಲ್ಲ. ಒಬ್ಬ ಮನುಷ್ಯನ ಅಂತರಂಗದ ಲೆಕ್ಕ ಇರುವುದು ಅಲ್ಲಾಹನ ಹತ್ತಿರ, ನಮ್ಮ ಹತ್ತಿರ ಅಲ್ಲ. ಹೆಸರನ್ನು ಮಾತ್ರ ಅವರು ಕೊನೆತನಕ ಬಿಡಲಿಲ್ಲ. 

1794ರಲ್ಲಿ ಕಾರ್ಕ್‌ನಲ್ಲೇ ಅವರು ತಮ್ಮ ಪ್ರವಾಸದ ಪುಸ್ತಕ ಅಚ್ಚು ಹಾಕಿಸಿದರು. ಭಾರತೀಯನೊಬ್ಬ ಇಂಗ್ಲಿಷ್‌ನಲ್ಲಿ ಬರೆದ ಮೊದಲ ಪುಸ್ತಕ ಅದು. ಮುನ್ನೂರಕ್ಕೂ ಹೆಚ್ಚು ಜನ ಮುಂಚಿತವಾಗಿ ಹಣ ಕೊಟ್ಟು ಹೆಸರು ಬರೆಸಿದ್ದರು. ಸೈನ್ಯದ ಜೊತೆ ಕಂಡ ಊರುಗಳ ವಿವರದ ಜೊತೆಗೆ ಮುಸ್ಲಿಮರ ಸುನ್ನತ್, ಮದುವೆ, ಮಯ್ಯಿತ್ತಿನ ಕ್ರಮಗಳನ್ನೂ ಅದರಲ್ಲಿ ಬಿಳಿಯರಿಗೆ ಅರ್ಥವಾಗುವ ಹಾಗೆ ವಿವರಿಸಿದ್ದಾರೆ.

ಸುಮಾರು 1807ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಲಂಡನ್‌ಗೆ ಬಂದರು. ಭಾರತದಲ್ಲಿ ದುಡ್ಡು ಮಾಡಿ ವಾಪಸ್ ಬಂದಿದ್ದ ಬೇಸಿಲ್ ಕಾಕ್ರೇನ್ ಎಂಬ ಶ್ರೀಮಂತ ಪೋರ್ಟ್‌ಮನ್ ಸ್ಕ್ವೇರ್‌ನಲ್ಲಿ ಹಬೆ ಸ್ನಾನದ ಮನೆ ನಡೆಸುತ್ತಿದ್ದ. ಅಲ್ಲಿ ಕೆಲಸಕ್ಕೆ ಸೇರಿದರು. ಆ ಬೀದಿಗಳ ತುಂಬಾ ಕಂಪೆನಿಯ ಹಳೆ ಅಧಿಕಾರಿಗಳ ಮನೆಗಳು. ಹತ್ತಿಪ್ಪತ್ತು ವರ್ಷ ನಮ್ಮ ದೇಶದ ಪುಲಾವು, ಸಾರು ಉಂಡು ರುಚಿ ಹತ್ತಿದವರು ಅವರು. ಇವರಿಗೆ ಒಂದು ಹೋಟೆಲ್ ಇಟ್ಟರೆ ಬಾರದೆ ಇರ್ತಾರಾ ಅಂತ ದೀನ್ ಮುಹಮ್ಮದರು ಲೆಕ್ಕ ಹಾಕಿದರು.

ಲಂಡನ್‌ಗೆ ಕರಿ ಆಗ ಹೊಸತೇನೂ ಅಲ್ಲ. 1747ರಲ್ಲೇ ಹ್ಯಾನಾ ಗ್ಲಾಸ್ ಎಂಬವರ ಅಡುಗೆ ಪುಸ್ತಕದಲ್ಲಿ ಅದನ್ನು ಮಾಡುವ ಕ್ರಮ ಬಂದಿತ್ತು. 1773ರ ಹೊತ್ತಿಗೆ ಹೇಮಾರ್ಕೆಟ್ ಕಡೆಯ ಒಂದು ಕಾಫಿ ಹೌಸಿನಲ್ಲಿ ಕರಿ ಬಡಿಸುತ್ತಿದ್ದರು. ಆದರೆ ಅವೆಲ್ಲ ಬಿಳಿಯರ ಅಡುಗೆಮನೆಗಳು. ಭಾರತದವನೇ ಮಾಲಕನಾಗಿ, ಭಾರತದ ಊಟಕ್ಕೆಂದೇ ತೆರೆದ ಜಾಗ ಇರಲಿಲ್ಲ. 1810ರಲ್ಲಿ ಜಾರ್ಜ್ ಸ್ಟ್ರೀಟ್‌ನ 34ನೇ ನಂಬರ್ ಮನೆಯಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ಶುರುವಾಯಿತು. ಹೆಸರು ಕಾಫಿ ಹೌಸ್ ಆದರೂ ಮುಖ್ಯ ಅಲ್ಲಿನ ಊಟವೇ. ಕುಳಿತುಕೊಳ್ಳಲು ಬಿದಿರು ಬೆತ್ತದ ಕುರ್ಚಿಗಳು, ಗೋಡೆಯಲ್ಲಿ ಭಾರತದ ಚಿತ್ರಗಳು, ಹುಕ್ಕಾ ಸೇದುವವರಿಗೆ ಬೇರೆಯೇ ಕೋಣೆ. 1811ರಲ್ಲಿ ಟೈಮ್ಸ್ ಪತ್ರಿಕೆಯಲ್ಲಿ ಜಾಹೀರಾತನ್ನೂ ಕೊಟ್ಟರು.

ತಿಂದವರು ಹೊಗಳಿದರು. ಆದರೆ ಹೋಟೆಲ್ ನಡೆಸಿದವರಿಗೆ ಗೊತ್ತು, ಹೊಗಳಿಕೆಯಿಂದ ಬಾಡಿಗೆ ಕಟ್ಟಲಿಕ್ಕೆ ಆಗುವುದಿಲ್ಲ. ಕುರ್ಚಿ, ಚಿತ್ರ, ಅಲಂಕಾರಕ್ಕೆ ಕೈಯಲ್ಲಿದ್ದದ್ದೆಲ್ಲ ಹೋಗಿತ್ತು. ಯಾರನ್ನು ನಂಬಿ ಹೋಟೆಲ್ ಇಟ್ಟರೋ ಆ ಶ್ರೀಮಂತರ ಮನೆಗಳಲ್ಲೇ ಅಡುಗೆಯವರು ಇದ್ದರು. ಬೇಕಾದದ್ದನ್ನು ಮನೆಯಲ್ಲೇ ಮಾಡಿಸಿ ಉಣ್ಣುತ್ತಿದ್ದರು. ವ್ಯಾಪಾರದ ಜನ ಸೇರುವ ಹಳೆಯ ಕಾಫಿ ಹೌಸ್‌ಗಳು ಇದ್ದದ್ದು ದೂರದ ಪೇಟೆಯಲ್ಲಿ. ಎರಡೇ ವರ್ಷ. 1812ರಲ್ಲಿ ದೀನ್ ಮುಹಮ್ಮದರು ದಿವಾಳಿ ಅರ್ಜಿ ಹಾಕಬೇಕಾಯಿತು. ಹೋಟೆಲ್ ಬೇರೆಯವರ ಕೈಗೆ ಹೋಯಿತು. ವಿಚಿತ್ರ ನೋಡಿ, ಬೇರೆಯವರ ಕೈಯಲ್ಲಿ ಅದೇ ಹೋಟೆಲ್ 1833ರ ತನಕ ನಡೆಯಿತು.

ಪ್ರಾಯ ಐವತ್ತು ದಾಟಿದೆ, ಪರದೇಶ, ಮನೆ ತುಂಬಾ ಮಕ್ಕಳು. 1813ರಲ್ಲಿ ಅವರು ಪತ್ರಿಕೆಯಲ್ಲಿ ಇನ್ನೊಂದು ಜಾಹೀರಾತು ಕೊಟ್ಟರು. ಈ ಸಲ ಗಿರಾಕಿಗಳಿಗಾಗಿ ಅಲ್ಲ, ಯಾರದಾದರೂ ಮನೆಯಲ್ಲಿ ಚಾಕರಿ ಸಿಗಬಹುದಾ ಅಂತ. ಪುಸ್ತಕ ಬರೆದವರು, ಸುಬೇದಾರ್ ಆಗಿದ್ದವರು, ಹೋಟೆಲಿನ ಮಾಲಕರಾಗಿದ್ದವರು ಕೆಲಸ ಕೇಳಲು ನಾಚಲಿಲ್ಲ. ಅವರ ಜೀವನದಲ್ಲಿ ನಮಗೆ ದೊಡ್ಡದಾಗಿ ಕಂಡದ್ದು ಇದೇ.

1814ರಲ್ಲಿ ಸಮುದ್ರ ಬದಿಯ ಬ್ರೈಟನ್ ಪಟ್ಟಣಕ್ಕೆ ಹೋದರು. ಔಷಧದ ಗಿಡಮೂಲಿಕೆ ಹಾಕಿದ ಹಬೆಯಲ್ಲಿ ಕೂರಿಸಿ ಮೈ ತಿಕ್ಕುವ, ನಮ್ಮ ಕಡೆ ಚಂಪಿ ಅನ್ನುವ ಕೆಲಸ ಶುರು ಮಾಡಿದರು. ಇಂಗ್ಲಿಷರ ಬಾಯಲ್ಲಿ ಅದು ಶಾಂಪೂ. ತಲೆ ತೊಳೆಯುವುದಕ್ಕೆ ಆ ಹೆಸರು ಬಂದದ್ದು ಎಷ್ಟೋ ಕಾಲದ ನಂತರ. ಸಂಧಿ ನೋವಿನವರು ಸಾಲುಗಟ್ಟಿ ಬಂದರು. 1821ರಲ್ಲಿ ಕಡಲ ಬದಿಯಲ್ಲೇ ಮುಹಮ್ಮದ್ ಬಾತ್ಸ್ ಎದ್ದು ನಿಂತಿತು. ದೊರೆ ನಾಲ್ಕನೇ ಜಾರ್ಜ್, ಅವರ ನಂತರ ನಾಲ್ಕನೇ ವಿಲಿಯಂ, ಇಬ್ಬರಿಗೂ ಇವರೇ ಅಧಿಕೃತ ಚಂಪಿಯವರು. ದಿವಾಳಿಯಾದ ಮನುಷ್ಯ ಅರಮನೆಯ ಒಳಗೆ ಹೋಗಿ ಬರುವಂತಾಯಿತು.

ಕೊನೆಗಾಲದಲ್ಲಿ ಆ ವ್ಯಾಪಾರವೂ ಇಳಿಯಿತು. 1850ರ ಡಿಸೆಂಬರ್‌ನಲ್ಲಿ ಜೇನ್ ತೀರಿಕೊಂಡರು, 1851ರ ಫೆಬ್ರವರಿಯಲ್ಲಿ ಅವರು. ಮೊಮ್ಮಗ ಫ್ರೆಡ್ರಿಕ್ ಅಕ್ಬರ್ ಮುಹಮ್ಮದ್ ಲಂಡನ್‌ನ ಗೈಸ್ ಆಸ್ಪತ್ರೆಯ ವೈದ್ಯರಾಗಿ, ರಕ್ತದೊತ್ತಡದ ಬಗ್ಗೆ ಅಧ್ಯಯನ ಮಾಡಿ ಹೆಸರು ಪಡೆದರು. ಇಂದು ಬ್ರಿಟನ್ನಿನ ಬೀದಿಬೀದಿಯಲ್ಲಿ ಕರಿ ಹೋಟೆಲ್‌ಗಳಿವೆ. 2005ರಲ್ಲಿ ಜಾರ್ಜ್ ಸ್ಟ್ರೀಟ್‌ನ ಆ ಜಾಗದಲ್ಲಿ ದೀನ್ ಮುಹಮ್ಮದರ ಹೆಸರಿನ ಹಸಿರು ಫಲಕ ಹಾಕಿದ್ದಾರೆ. ಎರಡೇ ವರ್ಷದಲ್ಲಿ ಅವರ ಕೈತಪ್ಪಿದ ಹೋಟೆಲಿಗೆ!

ನಮ್ಮಲ್ಲಿ ಓದಿದ ಹುಡುಗನೊಬ್ಬ ಗಲ್ಫ್‌ನಲ್ಲಿ ಉಳಿಸಿದ ದುಡ್ಡನ್ನೆಲ್ಲ ಹಾಕಿ ಊರಲ್ಲಿ ಒಂದು ಹೋಟೆಲ್ ಇಟ್ಟಿದ್ದ. ಹನ್ನೊಂದು ತಿಂಗಳಲ್ಲಿ ಮುಚ್ಚಿತು. ಆಮೇಲೆ ಅವನು ಮಗ್ರಿಬ್‌ಗೂ ಮಸೀದಿಗೆ ಬರುವುದನ್ನು ಬಿಟ್ಟ. ಸಾಲ ಕೊಟ್ಟವರ ಮುಖ ನೋಡಲು ಸಂಕೋಚ. ಸಾಲ ದೊಡ್ಡ ಅಮಾನತ್ತು, ತೀರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೀರಿಸುವವನು ಜನರ ಮಧ್ಯೆ ತಲೆ ಎತ್ತಿ ನಡೆಯಬೇಕಾದರೆ ನಾವೂ ಸ್ವಲ್ಪ ಜಾಗ ಬಿಡಬೇಕಲ್ವಾ? ಮದುವೆ ಮನೆಯಲ್ಲಿ, ಅಂಗಡಿ ಜಗಲಿಯಲ್ಲಿ ಸೋತವನನ್ನು ಆಡಿಕೊಳ್ಳುವುದು ನಿಲ್ಲಬೇಕು. ನಾವು ಅವನ ಮನೆಗೆ ಹೋಗಿ ದೀನ್ ಮುಹಮ್ಮದರ ಈ ಕಥೆ ಹೇಳಿದೆವು. ಎಲ್ಲ ಕೇಳಿ ಅವನು ಒಂದೇ ಪ್ರಶ್ನೆ ಕೇಳಿದ, ಕೆಲಸ ಬೇಕು ಅಂತ ಅವರು ಪೇಪರಿನಲ್ಲೇ ಹಾಕಿಸಿದ್ರಾ ಉಸ್ತಾದ್ ಅಂತ. ಹೌದು ಮಗನೇ ಅಂದೆವು. ಈಗ ಅವನು ಇನ್ನೊಬ್ಬರ ಹೋಟೆಲಿನಲ್ಲಿ ಕ್ಯಾಶಿಗೆ ಕೂರುತ್ತಾನೆ. ಜುಮಾಕ್ಕೆ ಬರುತ್ತಾನೆ.